ನನ್ನ ಕಣ್ಣು, ಅಮ್ಮನ ಹರಕೆ

ಇಲೊಯಿಲೊ
ಜುಲೈ 6, 2017

ಮನಂಗ್,

ಸಿಸ್ಟರ್ ಪೆರ್ಪೆತುವಾ ಎನ್ನುವ ನಿನ್ನ ಮಠದ ಹೆಸರು ಇಷ್ಟು ವರ್ಷವಾದರೂ ನನ್ನ ಬಾಯಿಗೆ ಬಂದಿಲ್ಲ, ಇನ್ನು ಬರುವುದೂ ಇಲ್ಲ. ನೀನು ನನ್ನ ಮನಂಗ್, ನನ್ನ ಅಕ್ಕ ಮಿನ್ನಿಂಗ್, ಅಷ್ಟೆ. ಮಠದ ಗೋಡೆಯೊಳಗೆ ಫೋನು ಬಾರದ್ದರಿಂದ ಕಾಗದವೇ ಗತಿ. ಅದನ್ನು ನಿನಗಿಂತ ಮೊದಲು ನಿಮ್ಮ ಮಠದ ಮುಖ್ಯಸ್ಥೆ ಮದರ್ ಓದುತ್ತಾರೆಂದೂ ಗೊತ್ತು. ನಮಸ್ಕಾರ, ಮದರ್.

ನನ್ನನ್ನು ಹಡಗಿನಿಂದ ಇಳಿಸಿದ್ದಾರೆ. ಹೋದ ತಿಂಗಳು ಒಂದು ಸಂಜೆ ಪ್ರಯಾಣಿಕರನ್ನು ತುಂಬಿಕೊಂಡು ಬಂದರಿಗೆ ಬರುತ್ತಿದ್ದೆವು. ಕಾವಲಿನ ಮೇಟ್, ಅಂದರೆ ಆ ಹೊತ್ತು ಹಡಗು ನಡೆಸುವ ಅಧಿಕಾರಿ, ನಾನೇ. ಎದುರಿಗೆ ಮೀನುದೋಣಿಗಳ ಹಿಂಡೇ ದೀಪ ಹಚ್ಚಿಕೊಂಡು ನಿಂತಂತೆ ಕಂಡಿತು. ವೇಗ ಇಳಿಸಿ ಎಂದು ಕೂಗಿದೆ. ಚುಕ್ಕಾಣಿ ಹಿಡಿದಿದ್ದ ಬುರ್ಸ್ಯೊ ನನ್ನ ಮುಖವನ್ನೇ ನೋಡಿದ. ಅಲ್ಲಿ ಇದ್ದದ್ದು ಒಂದೇ ದೋಣಿ, ಒಂದೇ ದೀಪ. ಕಪ್ತಾನ ಗೆಲ್ವೆಸೋನ್ ಬೈಯಲಿಲ್ಲ. ಬೈದಿದ್ದರೆ ತಿರುಗಿ ನಾಲ್ಕು ಮಾತಾಡಿ ಹಗುರಾಗುತ್ತಿದ್ದೆ. ಕಣ್ಣು ತೋರಿಸಿಕೊಂಡು ಬಾ, ಆಮೇಲೆ ಮಾತಾಡೋಣ ಎಂದರು.

ತೋರಿಸಿದೆ. ಮೂರು ವರ್ಷದ ಹಿಂದೆ ಕನ್ನಡಕ ಬಿಸಾಡಲೆಂದು ಲೇಸರ್ ಮಾಡಿಸಿಕೊಂಡೆನಲ್ಲ, ಆಗ ಕಾರ್ನಿಯಾವನ್ನು, ಅಂದರೆ ಕರಿಗುಡ್ಡೆಯ ಮುಂದಿನ ಗಾಜಿನಂಥ ಪದರವನ್ನು, ಒಂದಿಷ್ಟು ಕೆತ್ತಿದ್ದರು. ಉಳಿದ ಪದರ ಈಗ ತಾನಾಗಿಯೇ ತೆಳುವಾಗುತ್ತ ಮುಂದಕ್ಕೆ ಉಬ್ಬುತ್ತಿದೆಯಂತೆ, ಸವೆದ ಟೈರಿನೊಳಗಿಂದ ಟ್ಯೂಬು ಉಬ್ಬುವ ಹಾಗೆ. ಬಲಗಣ್ಣು ಹೆಚ್ಚು ಕೆಟ್ಟಿದೆ. ಬಿಟ್ಟರೆ ಇನ್ನೂ ಉಬ್ಬುತ್ತದೆ, ಕೊನೆಗೆ ಸತ್ತವರ ಕಾರ್ನಿಯಾ ತಂದು ಹೊಲಿಯಬೇಕಾಗಬಹುದು. ಡಾಕ್ಟರ್ ಪಲ್ಮಾರೆಸ್ ಅಂತ ಒಬ್ಬ ಹೆಂಗಸು, ಮಾತು ಕಡಿಮೆ. ಮೇಲಿನ ಚರ್ಮ ಕೆರೆದು, ಹಳದಿ ವಿಟಮಿನ್ ಹನಿ ಬಿಟ್ಟು, ಅದರ ಮೇಲೆ ನೇರಳಾತೀತ ಬೆಳಕು ಹಾಯಿಸಿ ಆ ಪದರವನ್ನು ಗಟ್ಟಿ ಮಾಡುತ್ತಾರಂತೆ. ಹಳೆಯ ಕಣ್ಣು ವಾಪಸು ಬರುವುದಿಲ್ಲ, ಇದ್ದದ್ದು ನಿಲ್ಲುತ್ತದೆ ಎಂದರು. ನಿಂತರೆ ಸಾಕು, ಮಿಕ್ಕದ್ದು ನಾನು ನೋಡಿಕೊಳ್ಳುತ್ತೇನೆ ಎಂದೆ.

ಊರಿಗೆ ಹೋದಾಗ ನಮ್ಮಮ್ಮ, ನಾನಾಯ್, ಏನಂದಳು ಗೊತ್ತೇ? ದೇವರು ಕೊಟ್ಟ ಕಣ್ಣಿಗೆ ಕೈ ಹಾಕಿದ್ದಕ್ಕೆ ಶಿಕ್ಷೆಯಂತೆ. ದೇವರು ಕೊಟ್ಟ ಹಲ್ಲು ಕೀಳಿಸಿ ನೀನು ಕಟ್ಟಿಸಿಕೊಂಡಿಲ್ಲವಾ ಎಂದು ಕೇಳಿದೆ. ಎರಡು ದಿನ ನನಗೆ ಅನ್ನ ಬಡಿಸಲಿಲ್ಲ, ಪಾತ್ರೆಯನ್ನು ಮೇಜಿನ ಮೇಲೆ ಕುಕ್ಕಿ ಹೋಗುತ್ತಿದ್ದಳು.

ಲೇಸರ್ ಮಾಡಿಸಿಕೊಂಡದ್ದಕ್ಕೆ ನನಗೆ ಪಶ್ಚಾತ್ತಾಪವಿಲ್ಲ. ಉಪ್ಪುನೀರು ಸಿಡಿದ ಕನ್ನಡಕವನ್ನು ಅಂಗಿಯ ತುದಿಯಲ್ಲಿ ಒರೆಸುತ್ತ ನಿಲ್ಲುವ ಹೆಣ್ಣು ಮೇಟನ್ನು ಯಾರು ಹತ್ತಿಸಿಕೊಳ್ಳುತ್ತಿದ್ದರು? ಮೂರು ವರ್ಷ ಆ ಕಡಲನ್ನು ಬರಿಗಣ್ಣಲ್ಲಿ ನೋಡಿದ್ದೇನೆ. ಮತ್ತೆ ಹೋಗುತ್ತೇನೆ. ನಾನಾಯ್ ಮೊಟ್ಟೆ ಬುಟ್ಟಿ ಹಿಡಿದು ನಿಮ್ಮಲ್ಲಿಗೆ ಬರುತ್ತಾಳೆ. ನನಗಾಗಿ ಪ್ರಾರ್ಥನೆ ಮಾಡು, ಬೇಡವೆನ್ನುವುದಿಲ್ಲ. ಆದರೆ ನಾನು ಹಡಗಿನ ಕೆಲಸ ಬಿಡಲಿ ಎಂದು ಮಾತ್ರ ಮಾಡಬೇಡ.

ನಿನ್ನ
ಸೆಂಡಾ

*

ಗುಡ್ಡದ ಮಠ
ಜುಲೈ 21, 2017

ಪ್ರೀತಿಯ ಸೆಂಡಾ,

ಮದರ್ ನಿನ್ನ ನಮಸ್ಕಾರ ಸ್ವೀಕರಿಸಿದ್ದಾರೆ. ನಕ್ಕರು ಕೂಡ, ಅದನ್ನು ಬರೆಯಬೇಡ ಎಂದಿದ್ದಾರೆ.

ನಾನಾಯ್ ಬಂದಿದ್ದಳು. ಮದುವೆಯ ದಿನ ಮಳೆ ಬಾರದಿರಲೆಂದು ಸಂತ ಕ್ಲಾರಾಳಿಗೆ ಮೊಟ್ಟೆ ತರುವ ಹೆಣ್ಣಿನ ಕಡೆಯವರ ಸಾಲಿನಲ್ಲಿ ನಿಂತು ತನ್ನ ಬುಟ್ಟಿಯನ್ನೂ ಕೊಟ್ಟಳು. ಈ ವರ್ಷ ಎಷ್ಟು ಮದುವೆಗಳೋ, ನಾವು ಮೂರು ಹೊತ್ತೂ ಮೊಟ್ಟೆ ತಿನ್ನುತ್ತಿದ್ದೇವೆ. ಭೇಟಿ ಕೋಣೆಯ ಸರಳುಗಳ ಆಚೆ ಕುಳಿತು ನಿನ್ನ ಕಣ್ಣಿನ ಕಥೆಯನ್ನೆಲ್ಲ ಹೇಳಿದಳು, ಆದರೆ ಏನೋ ಒಂದನ್ನು ನುಂಗಿಕೊಂಡಳು. ಕಣ್ಣು ಕಾಯುವ ಸಾಂತಾ ಲೂಸಿಯಾಳ ಹತ್ತಿರ ಹೇಳಿಕೊಂಡಿದ್ದೇನೆ ಎಂದಳು. ಏನು ಹೇಳಿಕೊಂಡೆ ಎಂದರೆ ಬಸ್ಸಿಗೆ ಹೊತ್ತಾಯಿತೆಂದು ಎದ್ದಳು. ನಮ್ಮೂರಿಗೆ ಬಸ್ಸು ದಿನವಿಡೀ ಇದೆ.

ಚಿಕಿತ್ಸೆ ಮಾಡಿಸಿಕೋ. ತಡಮಾಡಬೇಡ. ಕಣ್ಣು ಉಜ್ಜಬೇಡ. ಚಿಕ್ಕವಳಿದ್ದಾಗ ಎದ್ದ ಕೂಡಲೇ ಮುಷ್ಟಿ ಕಟ್ಟಿ ಉಜ್ಜುತ್ತಿದ್ದೆ, ನಾನು ಕೈ ಹಿಡಿದುಕೊಳ್ಳಬೇಕಾಗುತ್ತಿತ್ತು. ಈಗ ಯಾರು ಹಿಡಿದುಕೊಳ್ಳಬೇಕು?

ನಿನ್ನ ಅಕ್ಕ
ಪೆರ್ಪೆತುವಾ (ಸರಿ, ಮಿನ್ನಿಂಗ್)

*

ಗಿಂಬಲ್
ಸೆಪ್ಟೆಂಬರ್ 2, 2017

ಮನಂಗ್,

ಈ ಕಾಗದವನ್ನು ಒಂದು ಕಣ್ಣಿನಲ್ಲಿ ಬರೆಯುತ್ತಿದ್ದೇನೆ, ಸಾಲು ಡೊಂಕಾಗಿದ್ದರೆ ಸಹಿಸಿಕೋ. ಬಲಗಣ್ಣಿನ ಚಿಕಿತ್ಸೆ ಆಯಿತು. ಬೆಳಕು ಹಾಯಿಸುವಾಗ ನೋವಿಲ್ಲ, ಮರಗಟ್ಟಿಸಿರುತ್ತಾರೆ. ಊರಿಗೆ, ನಾನಾಯ್ ಮನೆಗೆ ಬಂದ ಮೇಲೆ ಇತ್ತು ನೋಡು. ಕಣ್ಣೊಳಗೆ ಮೆಣಸು ಅರೆದು ಮುಚ್ಚಿಟ್ಟ ಹಾಗೆ. ಕೆರೆದ ಜಾಗ ಮಾಯುವ ತನಕ ಮೇಲೆ ಒಂದು ತೆಳು ಲೆನ್ಸ್ ಹೊದಿಸಿರುತ್ತಾರೆ. ಅದನ್ನು ಮುಟ್ಟಬಾರದು, ನೀರು ಸೋಕಬಾರದು. ನಾನಾಯ್ ಕಿಟಕಿಗೆಲ್ಲ ಕಂಬಳಿ ಕಟ್ಟಿ, ಅಕ್ಕಿಗಂಜಿಗೆ ಶುಂಠಿ ಹಾಕಿ ಕುಡಿಸಿದಳು. ಒಳ್ಳೆಯವಳೇ ಎಂದುಕೊಂಡು ಮಲಗಿದ್ದೆ.

ಮೂರನೆಯ ದಿನ ಮಧ್ಯಾಹ್ನ ಹಣೆಯ ಮೇಲೆ ಏನೋ ತಣ್ಣಗಾಯಿತು. ಇವಳು ಚಾಪೆಲ್‌ಗೆ ಹೋಗಿ, ತಟ್ಟೆಯಲ್ಲಿ ಎರಡು ಕಣ್ಣು ಹಿಡಿದು ನಿಂತಿರುವ ನಮ್ಮ ಸಾಂತಾ ಲೂಸಿಯಾಳ ಪಾದವನ್ನೂ ಆ ತಟ್ಟೆಯನ್ನೂ ಕರವಸ್ತ್ರದಲ್ಲಿ ಒರೆಸಿಕೊಂಡು ಬಂದು, ಅದೇ ಬಟ್ಟೆಯಲ್ಲಿ ನನ್ನ ಕಣ್ಣೊರೆಸಲು ಬಗ್ಗಿದ್ದಾಳೆ! ಊರವರೆಲ್ಲ ಮುಟ್ಟಿ ಮುತ್ತಿಟ್ಟ ವಿಗ್ರಹ. ಸಮಯಕ್ಕೆ ಸರಿಯಾಗಿ ಮುಂಗೈ ಹಿಡಿದೆ. ಅವಳು ಬಿಡಿಸಿಕೊಳ್ಳಲು ನೋಡಿದಳು, ನಾನು ಬಿಡಲಿಲ್ಲ. ಅಮ್ಮ ಮಗಳು ಹಾಗೆ ಕುಸ್ತಿ ಆಡಿದೆವು. ಆಗ ಬಾಯಿ ಬಿಟ್ಟಳು.

"ಒರೆಸ್ಕೊಳ್ಳೇ ಇಂದಾಯ್, ಮಗಳೇ. ಹೇಗೂ ಮಾತು ಕೊಟ್ಟಾಗಿದೆ. ಕಣ್ಣು ವಾಸಿಯಾದ್ರೆ ನನ್ನ ಮಗಳು ಇನ್ನು ಹಡಗು ಹತ್ತಲ್ಲ ಅಂತ ಹರಕೆ ಹೊತ್ತಿದೀನಿ. ಎಲ್ಲರ ಮುಂದೇನೇ ಹೇಳಿದೀನಿ."

ಎಲ್ಲರ ಮುಂದೆ ಎಂದರೆ, ಭಾನುವಾರದ ಪೂಜೆಯಾದ ಮೇಲೆ ಎದ್ದು ನಿಂತು, ಇಡೀ ಊರಿನ ಮುಂದೆ. ನನ್ನ ಕಾಲು, ನನ್ನ ಕೆಲಸ, ನನ್ನ ಕಡಲು. ಹರಕೆ ಅವಳದು.

ಅವಳಿಗೆ ಕಡಲಿನ ಮೇಲೆ ಏಕೆ ಸಿಟ್ಟು ಎಂದು ನಮ್ಮಿಬ್ಬರಿಗೂ ಗೊತ್ತು. ನಮ್ಮಪ್ಪನನ್ನು, ತಾತಾಯ್‌ನನ್ನು, ಕಡಲು ನುಂಗಿದ್ದರೆ ಅತ್ತು ಸುಮ್ಮನಾಗುತ್ತಿದ್ದಳೇನೋ. ಆ ಮನುಷ್ಯ ಹಡಗು ಹತ್ತಿ ಹೋಗಿ ಇನ್ನೊಂದು ಬಂದರಿನಲ್ಲಿ ಇನ್ನೊಬ್ಬಳ ಮನೆಯಲ್ಲಿ ಇಳಿದ. ಅದಕ್ಕೆ ನಾನು ದಂಡ ಕಟ್ಟಬೇಕೆ?

ಒಂದು ಮಾತು ಕೇಳುತ್ತೇನೆ, ಮದರ್ ಓದಿದರೂ ಓದಲಿ. ನಿನಗೆ ಆರು ವರ್ಷವಿದ್ದಾಗ ಜ್ವರ ಬಂದು ಸಾಯುವಂತಾಗಿದ್ದಾಗ, ಬದುಕಿದರೆ ಮಠಕ್ಕೆ ಕೊಡುತ್ತೇನೆಂದು ಇವಳೇ ಹರಕೆ ಹೊತ್ತಿದ್ದಳು. ನೀನು ಅಲ್ಲಿರುವುದು ಅದಕ್ಕೇನಾ? ಮೊದಲು ನೀನು, ಈಗ ನಾನು. ನಮ್ಮಿಬ್ಬರನ್ನೂ ಹಂಚಿಬಿಟ್ಟು ಅವಳು ಏನು ಮಾಡುತ್ತಾಳೆ?

ಸೆಂಡಾ

*

ಗುಡ್ಡದ ಮಠ
ಸೆಪ್ಟೆಂಬರ್ 19, 2017

ಪ್ರೀತಿಯ ಸೆಂಡಾ,

ಮುಂಗೈ ಹಿಡಿದದ್ದು ಒಳ್ಳೆಯದಾಯಿತು. ಆ ಬಟ್ಟೆ ಸೋಕಿದ್ದರೆ ಏನಾಗುತ್ತಿತ್ತೋ. ಲೆನ್ಸ್ ತೆಗೆದರೇ? ಕಣ್ಣು ಕೆಂಪಾಗಿದೆಯೇ? ಹನಿಯನ್ನು ಹೇಳಿದಷ್ಟು ದಿನ ಬಿಡು, ಹಿತವಾಯಿತೆಂದು ನಡುವೆ ನಿಲ್ಲಿಸಬೇಡ. ನೀನು ಅಂಥವಳೇ.

ನಿನ್ನ ಪ್ರಶ್ನೆ ಓದಿದೆ. ಹರಕೆ ಎನ್ನುವುದು ಹುಡುಗಾಟವಲ್ಲ. ಅದರ ಬಗ್ಗೆ ಕಾಗದದಲ್ಲಿ ಬರೆಯುವುದು ಕಷ್ಟ. ತೋಟದಲ್ಲಿ ಬೆಂಡೆ ಚೆನ್ನಾಗಿ ಬಂದಿದೆ.

ನಿನ್ನ ಅಕ್ಕ
ಮಿನ್ನಿಂಗ್

*

ಇಲೊಯಿಲೊ
ನವೆಂಬರ್ 27, 2017

ಮನಂಗ್,

ಬೆಂಡೆಕಾಯಿ! ಪ್ರಾಣ ಹೋಗುವ ಪ್ರಶ್ನೆ ಕೇಳಿದರೆ ಬೆಂಡೆಕಾಯಿ. ಎರಡು ತಿಂಗಳು ಬರೆಯದಿದ್ದದ್ದು ಅದಕ್ಕೇ.

ಎಡಗಣ್ಣಿನದೂ ಆಯಿತು. ಈ ಸಲ ನಾನಾಯ್ ಮನೆಗೆ ಹೋಗಲಿಲ್ಲ, ಬಾಡಿಗೆ ಕೋಣೆಯಲ್ಲೇ ಬಾಗಿಲು ಹಾಕಿಕೊಂಡು ನರಳಿದೆ. ಮೊದಲ ಕೆಲವು ವಾರ ದೃಷ್ಟಿ ಇನ್ನೂ ಮಂಜಾಗಿ ಹೆದರಿದ್ದೆ, ಈಗ ತಿಳಿಯಾಗುತ್ತಿದೆ. ಬಲಗಣ್ಣಿನ ನಕ್ಷೆ ತೆಗೆದರು. ಪದರ ಮುಂಚಿನಷ್ಟೇ ಇದೆ, ಮತ್ತೆ ತೆಳುವಾಗಿಲ್ಲ. ಇನ್ನು ಗಟ್ಟಿ ಲೆನ್ಸ್ ಅಳತೆ ತೆಗೆಯುತ್ತಾರೆ. ವಾಸಿಯಾಯಿತೆ ಎಂದು ಡಾಕ್ಟರನ್ನು ಬೇಕೆಂದೇ ಕೇಳಿದೆ. ಇಲ್ಲ, ನಿಂತಿದೆ, ವಾಸಿ ಎಂದು ನಾನು ಹೇಳುವುದಿಲ್ಲ ಎಂದರು. ಅವರನ್ನು ತಬ್ಬಿಕೊಳ್ಳುವುದೊಂದು ಬಾಕಿ. ಏಕೆಂದರೆ ನಾನಾಯ್‌ಳ ಹರಕೆ ಕಣ್ಣು ವಾಸಿಯಾದರೆ ಎಂದಿದೆ. ವಾಸಿಯಾಗಿಲ್ಲ. ಸಾಂತಾ ಲೂಸಿಯಾ ತನ್ನ ಪಾಲಿನ ಕೆಲಸ ಮಾಡಿಲ್ಲ, ನಾವೇನೂ ಬಾಕಿ ಇಲ್ಲ. ಹೇಗಿದೆ ನನ್ನ ವಾದ?

ಇನ್ನು ಆಗಮನ ಕಾಲದ ಮೌನವ್ರತ, ನೀನು ಕಾಗದ ಬರೆಯುವಂತಿಲ್ಲ, ಓದುವಂತಿಲ್ಲ. ಕ್ರಿಸ್ಮಸ್ ಕಳೆಯುವ ತನಕ ಯೋಚಿಸಲು ಸಾಕಷ್ಟು ಹೊತ್ತಿದೆ. ಯೋಚಿಸು. ಈ ಸಲ ತರಕಾರಿ ಬೇಡ.

ಸೆಂಡಾ

*

ಇಲೊಯಿಲೊ
ಜನವರಿ 10, 2018

ಮನಂಗ್,

ಲೆನ್ಸ್ ಬಂತು. ಕಾಸಿನಗಲ, ಬಟ್ಟಲಿನ ಹಾಗೆ ಗುಳಿ. ಅದಕ್ಕೆ ಉಪ್ಪುನೀರು ತುಂಬಿ, ತಲೆ ಬಗ್ಗಿಸಿ, ಚೆಲ್ಲದ ಹಾಗೆ ಕಣ್ಣಿಗೆ ಕೂರಿಸಬೇಕು. ಬಿಳಿಗುಡ್ಡೆಯ ಮೇಲೆ ಕೂತು ಉಬ್ಬನ್ನು ಮುಟ್ಟದೆ ನಿಲ್ಲುತ್ತದೆ. ಮೊದಲ ದಿನ ಹಾಕಿಕೊಳ್ಳುವಷ್ಟರಲ್ಲಿ ಅಂಗಿಯೆಲ್ಲ ಒದ್ದೆಯಾಗಿ ಅಳು ಬಂತು. ಆಮೇಲೆ ತಲೆ ಎತ್ತಿದೆ. ಡಾಕ್ಟರ ಕಿಟಕಿಯಿಂದಾಚೆ ತಂತಿಯ ಮೇಲೆ ಗುಬ್ಬಿಗಳು, ಒಂದೊಂದೂ ಒಂದೇ ಒಂದು ಗುಬ್ಬಿಯಾಗಿ ಕೂತಿದ್ದವು. ಡಾಕ್ಟರ್ ಪಲ್ಮಾರೆಸ್ ಕಾಗದ ಕೊಟ್ಟು ಕಣ್ಣೊರೆಸಿಕೋ, ಉಜ್ಜಬೇಡ ಎಂದರು.

ಕಂಪನಿಯ ಪರೀಕ್ಷೆಯಲ್ಲೂ ಪಾಸಾದೆ. ಇನ್ನೊಂದು ಜೊತೆ ಲೆನ್ಸ್ ಹಡಗಿನಲ್ಲಿಟ್ಟಿರಬೇಕು, ಆರು ತಿಂಗಳಿಗೊಮ್ಮೆ ನಕ್ಷೆ ತೆಗೆಸಬೇಕು, ಅಷ್ಟೆ ಷರತ್ತು.

ಚೀಲ ಹಿಡಿದು ಬಂದರಿಗೆ ಹೋದರೆ ಬುರ್ಸ್ಯೊ ಏಣಿಯ ಬುಡದಲ್ಲಿ ಟೋಪಿ ತೆಗೆದು ನಿಂತಿದ್ದಾನೆ. ಅವನ ಹೆಂಡತಿ ನಮ್ಮೂರವಳು. ಹರಕೆಯ ವಿಷಯ ಇಡೀ ಹಡಗಿಗೆ ಗೊತ್ತು.

"ಬೇಜಾರ್ ಮಾಡ್ಕೋಬೇಡಿ ಮ್ಯಾಮ್. ನಿಮ್ಮ ಕಣ್ಣಿನ ಮೇಲೆ ನಮಗೆ ಅನುಮಾನ ಇಲ್ಲ. ಆದ್ರೆ ಹರಕೆ ಮುರಿದವರ ಜೊತೆ ನಾವು ಕಡಲಿಗೆ ಇಳಿಯಲ್ಲ. ಮನೇಲಿ ಮಕ್ಕಳಿದಾರೆ."

ವಾಸಿಯಾಗಿಲ್ಲ, ನಿಂತಿದೆ ಎನ್ನುವ ನನ್ನ ವಾದವನ್ನು ಅಲ್ಲೇ ಬಿಚ್ಚಿದೆ. ಅವನೂ ಮಿಕ್ಕ ಖಲಾಸಿಗಳೂ ನನ್ನನ್ನು ಅಯ್ಯೋ ಪಾಪ ಎಂಬಂತೆ ನೋಡಿದರು. ಕಪ್ತಾನರಿಗೆ ಹರಕೆಯ ಮೇಲೆ ನಂಬಿಕೆಯಿಲ್ಲ, ಆದರೆ ಖಲಾಸಿಗಳಿಲ್ಲದೆ ಹಡಗು ನಡೆಯುವುದಿಲ್ಲ. ಫೆಬ್ರವರಿ ಎರಡರ ಕಾಂಡೆಲಾರಿಯಾ ಹಬ್ಬದ ಮಾರನೆಯ ದಿನದೊಳಗೆ ಇದನ್ನು ಬಗೆಹರಿಸಿಕೊಂಡು ಬಾ, ಅಲ್ಲಿಯ ತನಕ ನಿನ್ನ ಜಾಗ ಕಾದಿಡುತ್ತೇನೆ, ಆಮೇಲೆ ಬೇರೆ ಮೇಟ್ ತೆಗೆದುಕೊಳ್ಳುತ್ತೇನೆ ಎಂದಿದ್ದಾರೆ.

ನಾನಾಯ್‌ಳ ಮುಂದೆ ಹೋಗಿ ನಿಂತೆ. ಹರಕೆ ವಾಪಸು ತೆಗೆದುಕೋ ಎಂದೆ. ಅವಳು ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತ ನಿಂತಳು.

ಕಣ್ಣು ಕೈಕೊಟ್ಟಿತ್ತು, ಅದನ್ನು ಸರಿ ಮಾಡಿಕೊಂಡೆ. ಈಗ ನನ್ನ ದಾರಿಗೆ ಅಡ್ಡ ಬಿದ್ದಿರುವುದು ಅಮ್ಮನ ಒಂದು ಮಾತು. ನಾನು ಬಗ್ಗುವುದಿಲ್ಲ ಮನಂಗ್. ಇಲ್ಲಿ ಆಗದಿದ್ದರೆ ದಾವಾವ್ ಬಂದರಿಗೆ ಹೋಗುತ್ತೇನೆ, ಅಲ್ಲೂ ಆಗದಿದ್ದರೆ ಮರಳು ಸಾಗಿಸುವ ದೋಣಿ ಹತ್ತುತ್ತೇನೆ. ಆದರೆ ನೀನೂ ಸುಮ್ಮನಿದ್ದರೆ ನಿನಗೆ ಇದೇ ನನ್ನ ಕೊನೆಯ ಕಾಗದ.

ಸೆಂಡಾ

*

ಗುಡ್ಡದ ಮಠ
ಜನವರಿ 24, 2018

ಸೆಂಡಾ,

ನಿನ್ನ ವಾದ ಕೆಟ್ಟದಾಗಿದೆ. ಗೇಟು ತೆರೆದೇ ಇರುವಾಗ ಬೇಲಿಯಲ್ಲಿ ಏಕೆ ನುಸುಳುತ್ತೀಯ? ಕಣ್ಣು ವಾಸಿಯಾಗಿದೆಯೋ ಇಲ್ಲವೋ ಎನ್ನುವುದಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ಹರಕೆ ಹೊತ್ತವರನ್ನಷ್ಟೇ ಕಟ್ಟುತ್ತದೆ. ಇನ್ನೊಬ್ಬರನ್ನು ಕಟ್ಟುವುದಿಲ್ಲ, ಹೆತ್ತ ಮಗಳನ್ನೂ. ಇದು ನನ್ನ ಮಾತಲ್ಲ, ಧರ್ಮಸಭೆಯ ಕಾನೂನೇ ಹಾಗಿದೆ. ಬುರ್ಸ್ಯೊನಿಗೆ ಅನುಮಾನವಿದ್ದರೆ ಯಾವ ಪಾದ್ರಿಯನ್ನು ಬೇಕಾದರೂ ಕೇಳಲಿ.

ಇನ್ನು ನಿನ್ನ ಪ್ರಶ್ನೆ. ಹದಿನೆಂಟು ತುಂಬಿದಾಗ ಇದನ್ನೇ ನಾನು ನಮ್ಮೂರ ಪಾದ್ರಿ ಫಾದರ್ ಸಿಲ್ವೇರಿಯೊ ಅವರನ್ನು ಕೇಳಿದ್ದೆ. ಅಮ್ಮ ಹೊತ್ತ ಹರಕೆಗೆ ನಾನು ಮಠ ಸೇರಲೇಬೇಕೆ ಎಂದು. ಬೇಕಿಲ್ಲ, ಹೋಗು, ಬದುಕು ಎಂದರು. ಆ ವರ್ಷ ಇಲೊಯಿಲೊದಲ್ಲಿ ಬೇಕರಿ ಕೆಲಸಕ್ಕಿದ್ದೆನಲ್ಲ, ಮಠಕ್ಕೆ ಬೇಕಾದ ರೊಟ್ಟಿ ಸುಡುವುದನ್ನು ಕಲಿಯಲು ಹೋಗಿದ್ದಾಳೆಂದು ನಾನಾಯ್ ಊರಿಗೆಲ್ಲ ಹೇಳಿದ್ದಳು. ನಾನು ಹೋದದ್ದು ಮಠ ಬೇಡವೆಂದು. ಸಂಬಳ ಎಣಿಸಿದೆ, ಲಿಪ್‌ಸ್ಟಿಕ್ ಹಚ್ಚಿದೆ, ಒಬ್ಬ ಹುಡುಗನ ಜೊತೆ ಸಿನಿಮಾಕ್ಕೂ ಹೋದೆ. ಹುಡುಗ ಒಳ್ಳೆಯವನು, ಸಿನಿಮಾವೂ ಪರವಾಗಿಲ್ಲ. ಆದರೆ ಬೆಳಗಿನ ಹಿಟ್ಟು ನಾದುವಾಗ ಯಾರೂ ಮಾತಾಡದ ಒಂದು ಗಳಿಗೆ ಇರುತ್ತಿತ್ತು. ನನಗೆ ಬೇಕಾದದ್ದು ಅದು. ದಿನವಿಡೀ ಅದೇ ಸಿಗುವ ಜಾಗಕ್ಕೆ ನನ್ನ ಕಾಲಲ್ಲೇ ಹತ್ತಿ ಬಂದೆ. ನಾನಾಯ್‌ಳ ಜ್ವರದ ಹರಕೆಗಲ್ಲ. ಅವಳು ಮಾತ್ರ ತನ್ನ ಹರಕೆ ತೀರಿತೆಂದು ಊರಿಗೆಲ್ಲ ಹಂಚಿದಳು. ಅವಳ ಹೆಮ್ಮೆ ಅವಳಿಗಿರಲಿ ಎಂದು ಬಿಟ್ಟಿದ್ದೆ. ಆ ಹೆಮ್ಮೆ ಈಗ ನಿನ್ನ ಕಾಲಿಗೆ ಹಗ್ಗ ಹಾಕುತ್ತಿದೆ, ಇನ್ನು ಬಿಡುವುದಿಲ್ಲ.

ನಿನ್ನ ಕಾಗದ ಕೈ ಸೇರಿದ ವಾರವೇ ಅವಳನ್ನು ಕರೆಸಿದೆ. ಸರಳಿನ ಆಚೆ ಕೂರಿಸಿ ಇದಿಷ್ಟನ್ನೂ ಹೇಳಿದೆ.

"ಹಾಗಾದ್ರೆ ನಾನು ದೇವರಿಗೆ ಕೊಟ್ಟಿದ್ದು ಏನೂ ಇಲ್ವಾ?" ಎಂದಳು.

"ನೀನು ಕೊಡೋದಕ್ಕೆ ನಾನು ನಿನ್ನ ಕೋಳಿ ಅಲ್ಲ, ನಾನಾಯ್. ಸೆಂಡಾನೂ ಅಲ್ಲ."

ಎದ್ದು ಹೋದಳು. ಹೋಗುವಾಗ ಯಾವಾಗಲೂ ಸರಳಿನೊಳಗೆ ಬೆರಳು ತೂರಿಸಿ ನನ್ನ ಹಣೆ ಮುಟ್ಟುತ್ತಿದ್ದಳು, ಮುಟ್ಟಲಿಲ್ಲ. ಅಂಗಳದ ಕಲ್ಲನ್ನು ಎಡವಿದಳು, ಗೇಟಿನ ಸಿಸ್ಟರ್ ಹಿಡಿದುಕೊಂಡರಂತೆ. ನಾನು ಆ ದಿನ ಊಟ ಮಾಡಲಿಲ್ಲ. ಆದರೂ ಹೇಳಿದ್ದನ್ನು ವಾಪಸು ತೆಗೆದುಕೊಳ್ಳುವುದಿಲ್ಲ.

ನೀನು ಹಡಗು ಹತ್ತು. ಮದರ್ ಈ ಕಾಗದವನ್ನು ಓದಿ ಒಂದಕ್ಷರವನ್ನೂ ತಿದ್ದಲಿಲ್ಲ.

ನಿನ್ನ ಅಕ್ಕ
ಮಿನ್ನಿಂಗ್

*

ಇಲೊಯಿಲೊ
ಫೆಬ್ರವರಿ 8, 2018

ಮನಂಗ್,

ಬೂದಿ ಬುಧವಾರ ಬಂದರೆ ಉಪವಾಸ ಕಾಲದ ಮೌನ ಶುರುವಾಗಿ ಮತ್ತೆ ನಿನ್ನ ಬಾಯಿ ಕಟ್ಟುತ್ತದೆ, ಅದಕ್ಕೆ ಅವಸರದಲ್ಲಿ ಬರೆಯುತ್ತಿದ್ದೇನೆ.

ಹಬ್ಬದ ಮಾರನೆಯ ಬೆಳಿಗ್ಗೆ ಲೆನ್ಸ್ ಹಾಕಿಕೊಂಡು ಬಂದರಿಗೆ ಹೋದೆ. ನಿನ್ನ ಕಾಗದ ಜೇಬಿನಲ್ಲಿತ್ತು. ಬುರ್ಸ್ಯೊ ಏಣಿಗೆ ಅಡ್ಡ ನಿಂತೇ ಅದನ್ನು ಓದಿದ. ಹರಕೆ ಹೊತ್ತವರನ್ನಷ್ಟೇ ಕಟ್ಟುತ್ತೆ, ಒಪ್ಪಿದೆ, ಆದರೆ ಹೊತ್ತವರು ಏನೂ ಹೇಳಿಲ್ಲವಲ್ಲ ಎಂದ. ಮಿಕ್ಕವರು ಅವನ ಹಿಂದೆ ನೆಲ ನೋಡುತ್ತ ನಿಂತಿದ್ದರು. ಹಂದಿ ಬುಟ್ಟಿಯವರು, ಮೋಟಾರು ಸೈಕಲ್ಲಿನವರು, ಹತ್ತಬೇಕಾದ ಜನವೆಲ್ಲ ನನ್ನ ಬೆನ್ನ ಹಿಂದೆ ಸೇರಿತು. ನಾನು ಚೀಲ ಕೆಳಗಿಟ್ಟು, ನನ್ನನ್ನು ಎತ್ತಿ ಬಿಸಾಡುವ ತನಕ ಇಲ್ಲಿಂದ ಕದಲುವುದಿಲ್ಲ ಎಂದೆ. ನಿಜಕ್ಕೂ ಕದಲುತ್ತಿರಲಿಲ್ಲ.

ಆಗ ಜನ ದಾರಿ ಬಿಟ್ಟರು. ನಾನಾಯ್. ಚರ್ಚಿಗೆ ಉಡುವ ಕಂದು ಬಟ್ಟೆ, ಕೈಯಲ್ಲಿ ಟಿಕೆಟ್ಟು. ತಾತಾಯ್ ಹೋದ ಮೇಲೆ ಬಂದರಿನ ಕಡೆ ಮುಖ ಹಾಕದವಳು. ನನ್ನ ಕಡೆ ನೋಡಲೂ ಇಲ್ಲ, ನೇರ ಬುರ್ಸ್ಯೊನ ಮುಂದೆ ಹೋಗಿ ನಿಂತಳು.

"ಹರಕೆ ಹೊತ್ತವಳು ನಾನು. ಮುರಿಯೋಳೂ ನಾನೇ, ಇವಳಲ್ಲ. ಮುಳುಗಿಸೋದಿದ್ರೆ ಸಾಂತಾ ಲೂಸಿಯಾ ನನ್ನನ್ನ ಮುಳುಗಿಸ್ಲಿ. ನಾನು ಈ ಹಡಗಲ್ಲೇ ಕೂತಿರ್ತೀನಿ. ಧೈರ್ಯ ಇದ್ರೆ ನೀನೂ ಹತ್ತು, ಇಲ್ದಿದ್ರೆ ದಾರಿ ಬಿಡಪ್ಪ."

ಬುರ್ಸ್ಯೊ ದಾರಿ ಬಿಟ್ಟ. ಅಷ್ಟೇ ಅಲ್ಲ, ಹತ್ತಿದ. ಹತ್ತದಿದ್ದರೆ ಅವನ ಹೆಂಡತಿ ಮನೆಯೊಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ, ನಾನಾಯ್‌ಳ ಬಾಯಿ ಅವಳಿಗೆ ಗೊತ್ತು.

ಹಡಗು ಹೊರಟಿತು, ಮನಂಗ್. ನಾನು ನನ್ನ ಜಾಗದಲ್ಲಿ ನಿಂತೆ. ತೇಲುದೀಪದ ಕಂಬ, ಆಚೆಯ ಗುಯಿಮರಾಸ್ ದ್ವೀಪದ ಅಂಚು, ದೋಣಿಯ ಮೇಲೆ ನಿಂತವನ ಹರಿದ ತೋಳು, ಎಲ್ಲ ಕಂಡಿತು. ಬುರ್ಸ್ಯೊ ಚುಕ್ಕಾಣಿ ಹಿಡಿದು ನನ್ನ ಅಪ್ಪಣೆಗೆ ಕಾದ. ಅಪ್ಪಣೆ ಕೊಟ್ಟೆ. ಆ ಸಂತೋಷವನ್ನು ಬರೆಯಲು ನನಗೆ ಬರುವುದಿಲ್ಲ. ಬಂದಾಗ ಸರಳಿನ ಮುಂದೆ ಕುಣಿದು ತೋರಿಸುತ್ತೇನೆ.

ಕಾವಲು ಮುಗಿಸಿ ನಾನಾಯ್‌ಳನ್ನು ಕಾಣಲು ಹೋದೆ. ಬೆಂಚಿನ ತುದಿಯಲ್ಲಿ ಜಪಸರ ಹಿಡಿದು ಕೂತಿದ್ದಳು. ಪಕ್ಕದಲ್ಲಿ ಕೂತೆ. ಇಳಿಯುವ ಹೊತ್ತಿಗೆ ಅವಳು ಮೆಟ್ಟಿಲ ಹತ್ತಿರ ನಿಂತು ಕಾಲಿನಿಂದ ತಡಕಾಡಿದಳು. ಹೆದರಿಕೆಯೇ ಎಂದು ಕೇಳಿದೆ.

"ಹೆದರಿಕೆ ಏನಕ್ಕೆ? ಮೆಟ್ಟಿಲು ಕಾಣ್ತಿಲ್ಲ ಕಣೇ. ಒಂದು ವರ್ಷದಿಂದ ಎಲ್ಲ ಹೊಗೆ ಹೊಗೆ."

ಒಂದು ವರ್ಷ! ನನ್ನ ಕಣ್ಣಿಗೆ ಹರಕೆ ಹೊರುವಾಗಲೂ ಅವಳಿಗೆ ಕಾಣುತ್ತಿರಲಿಲ್ಲ. ನನಗೆ ಗಂಜಿ ಕುಡಿಸುವಾಗ ಬಟ್ಟಲನ್ನು ಅಷ್ಟು ಹತ್ತಿರ ಹಿಡಿಯುತ್ತಿದ್ದದ್ದು ಏಕೆಂದು ಈಗ ತಿಳಿಯಿತು. ಯಾಕೆ ಹೇಳಲಿಲ್ಲ ಎಂದು ಕೂಗಾಡಿದೆ, ಜನ ತಿರುಗಿ ನೋಡಿದರು. ಕೈ ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಇಳಿಸಿದೆ. ಕೊನೆಯ ಮೆಟ್ಟಿಲಲ್ಲಿ ನಿಂತು, ನಿನ್ನ ಆ ಡಾಕ್ಟರ ಹತ್ತಿರ ನನ್ನನ್ನೂ ಕರೆದುಕೊಂಡು ಹೋಗು ಎಂದಳು. ಆಮೇಲೆ ನನ್ನ ತೋಳನ್ನು ಬಿಗಿಯಾಗಿ ಹಿಡಿದು ಇಷ್ಟು ಹೇಳಿದಳು, ನಿನಗೆ ಬರೆಯಲೇಬೇಕಂತೆ:

"ಮಿನ್ನಿಂಗಿಗೆ ಹೇಳು, ಪ್ರಾರ್ಥನೆ ಮಾಡ್ಲಿ, ಬೇಡ ಅನ್ನಲ್ಲ. ಆದ್ರೆ ನನ್ನ ಹೆಸರಲ್ಲಿ ನೀವ್ಯಾರೂ ಹರಕೆ ಗಿರಕೆ ಹೊರಕೂಡದು."

ನಿನ್ನ
ಸೆಂಡಾ